ಚಿಂಚೋಳಿಯಿಂದ ವಾಡಿಗೆ ಬಂದ ಸುದ್ದಿ

ವಾಡಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನ್ನಷ್ಟು ಚಂದದ ದನಿ ಇನ್ನೊಬ್ಬರಿಗೆ ಇರಲಿಲ್ಲ. ಇದನ್ನು ನಾನೇ ಹೇಳಬೇಕು, ಬೇರೆಯವರಿಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನಾನು ಸಾಹೇಬರ ದನಿ ತೆಗೆದರೆ ಚಿತ್ತಾಪುರದ ಆಪರೇಟರ ಅಲ್ಲಿ ಕುರ್ಚಿ ಬಿಟ್ಟು ಎದ್ದು ನಿಂತು ಮಾತಾಡುತ್ತಿದ್ದ.

ಎಂಬತ್ತರ ದಶಕದಲ್ಲಿ ಒಬ್ಬ ಎಂಜಿನಿಯರ್ ನಮಗೆ ಪಾಠ ಹೇಳಲು ಬಂದ. ಬೋರ್ಡಿನ ಮೇಲೆ ನಾಲ್ಕು ಚುಕ್ಕೆ ಇಟ್ಟು ಗೆರೆ ಎಳೆದು, ಕರೆಂಟಿಗೂ ಕಂಪ್ಯೂಟರಿಗೂ ಇದೇ ನೆಟ್‌ವರ್ಕ್, ಒಂದು ತುದಿಯಲ್ಲಿ ಹಾಕಿದ್ದು ಇನ್ನೊಂದು ತುದಿಗೆ ಮುಟ್ಟಬೇಕು, ಆದರೆ ಪ್ರತಿ ಗಂಟಿನಲ್ಲೂ ಒಂದಿಷ್ಟು ಸೋರುತ್ತದೆ ಎಂದ. ಅವನ ಮೀಸೆಯನ್ನು ಗೇಲಿ ಮಾಡಬೇಕೆಂದು ಕುಳಿತಿದ್ದವನು ಅದನ್ನು ಮರೆತೆ. ಅವನು ಹೇಳಿದ್ದು ಖರೆ. ನನ್ನ ಮನೆಯಲ್ಲೇ ಆಗಿತ್ತು.

ಅದಕ್ಕೂ ಭಾಳ ಹಿಂದಿನ ಮಾತು. ಹೆಂಡತಿ ಹೆರಿಗೆಗೆ ತವರೂರು ಚಿಂಚೋಳಿಗೆ ಹೋಗಿದ್ದಳು. ಎರಡು ಬಸಿರು ನಿಲ್ಲದೆ ಹೋದ ಮೇಲೆ ಇದು ಮೂರನೆಯದು. ಮಳೆಗಾಲದಲ್ಲಿ ತಂತಿ ತೊಯ್ದರೆ ದನಿ ಅಷ್ಟು ದೂರ ಬರುತ್ತಿರಲಿಲ್ಲ. ಆಗ ಚಿಂಚೋಳಿಯವನು ಸೇಡಂದವನಿಗೆ, ಅವನು ಚಿತ್ತಾಪುರದವನಿಗೆ, ಅವನು ನನಗೆ, ಹೀಗೆ ಸುದ್ದಿ ಬಾಯಿಂದ ಬಾಯಿಗೆ ದಾಟಿಸುತ್ತಿದ್ದೆವು. ಕೇಳಿದ್ದನ್ನು ಕೇಳಿದಂತೆ ಹೇಳಬೇಕು, ಅದೊಂದೇ ಕಟ್ಟಳೆ.

ಮಾವ ಪೋಸ್ಟಾಫೀಸಿಗೆ ಹೋಗಿ ಹೇಳಿಸಿದ್ದು ಇಷ್ಟು: ಹೆಣ್ಣು ಕೂಸು ಹುಟ್ಟಿ ತೀರಿಕೊಂಡದ, ತಾಯಿ ಉಳದಾಳ, ಲಗೂ ಬರ್ರಿ. ಚಿಂಚೋಳಿಯವನು ಹಾಗೇ ದಾಟಿಸಿದ. ಸೇಡಂದವನಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಕೂಸಿಗಿ ಆರಾಮಿಲ್ಲ, ತಾಯಿ ಆರಾಮದಾಳ ಎಂದ. ಚಿತ್ತಾಪುರದವನಿಗೆ ಅಷ್ಟನ್ನೂ ಹೇಳಲಾಗಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಸಂಜೆ ನನ್ನ ಕಿವಿಗೆ ಬಿದ್ದದ್ದು, "ಹೆಣ್ಣು ಕೂಸು ಹುಟ್ಯದ. ತಾಯಿ ಆರಾಮದಾಳ. ಲಗೂ ಹೋಗು ಮಾರಾಯ."

"ನನ್ನಂಗ ದನಿ ಅದ ಏನು ಕೇಳು," ಅಂದೆ. ಅವನು ಲೈನು ಕಡಿದ.

ಮರುದಿನ ರೈಲಿನಲ್ಲಿ ಸೇಡಂಗೆ ಹೋದೆ. ಚಿಂಚೋಳಿ ಬಸ್ಸಿಗೆ ಇನ್ನೂ ಹೊತ್ತಿತ್ತು, ಎಕ್ಸ್‌ಚೇಂಜಿಗೆ ನುಗ್ಗಿದೆ. ಆಪರೇಟರ ನನಗೆ ಬೆನ್ನು ಮಾಡಿ ಕುಳಿತಿದ್ದ.

"ಯಾಕ ಭಾಯಿ, ಖುಷಿ ಸುದ್ದಿ ದಾಟಿಸಿ ಬಾಯಿ ನೋಯಾಕತ್ತದೇನು?"

"ಲೈನಿನ್ಯಾಗ ಅದೀನಿ," ಅಂದ. ಬೋರ್ಡಿನ ಮೇಲೆ ಒಂದು ಕರೆಯೂ ಬಿದ್ದಿರಲಿಲ್ಲ.

"ಮೂರು ಗಂಡು ಹಡದು ಸಾಕಾಗ್ಯದ ನಿನಗ. ನನಗ ಹೆಣ್ಣು ಬಂದದ್ದಕ್ಕ ಹೊಟ್ಟಿ ಉರಿಯಾಕತ್ತದ, ಹೌದಿಲ್ಲ?"

"ಹೌದು. ಉರಿಯಾಕತ್ತದ. ಬಸ್ಸು ಹೋತದ, ನಡಿ."

ಬಸ್ಸಿನಲ್ಲಿ ಕಂಡಕ್ಟರನಿಂದ ಹಿಡಿದು ಕೋಳಿ ಹಿಡಿದು ಕುಳಿತ ಮುದುಕಿಯವರೆಗೆ ಎಲ್ಲರಿಗೂ ಮಗಳು ಹುಟ್ಟಿದ್ದು ಹೇಳಿದೆ. ಮುದುಕಿ ತೆಲುಗಿನಲ್ಲಿ ಹರಸಿದಳು.

ಮಾವನ ಮನೆಯ ಬಾಗಿಲಲ್ಲೇ ನಿಂತು ಕೂಗಿದೆ, "ಎಲ್ಲದಾಳ ನನ್ನ ಮಗಳು? ಮೂಗು ಯಾರದು ಬಂದದ, ಮೊದಲ ಅದು ಹೇಳ್ರಿ."

ಪಡಸಾಲೆಯಲ್ಲಿದ್ದ ಮಾವ ಎದ್ದರು. ನನ್ನ ನಗುಮುಖ ನೋಡಿ ಮತ್ತೆ ಕುಳಿತುಬಿಟ್ಟರು. ಒಳಗಿನಿಂದ ಹೆಂಡತಿಯ ದನಿ ಬಂತು.

"ನಿಮಗ ಸುದ್ದಿ ಮುಟ್ಟಿಲ್ಲೇನ್ರಿ?"

"ಮುಟ್ಯದಲ್ಲ."

"ಮುಟ್ಟಿದ ಮ್ಯಾಲೂ ಇದೇ ಹುಡುಗಾಟ ಏನ್ರಿ? ಕೂಸಿನ್ನ ನಿನ್ನೆನೇ ಮಣ್ಣು ಮಾಡ್ಯಾರ."

ಒಳಗೆ ಹೋದೆ. ಅವಳ ಪಕ್ಕದಲ್ಲಿ ಏನೂ ಇರಲಿಲ್ಲ. ನನ್ನ ಮುಖ ನೋಡಿದ ಮೇಲೆ, ನನಗೆ ಏನೂ ಗೊತ್ತಿರಲಿಲ್ಲವೆಂದು ಅವಳಿಗೆ ತಿಳಿಯಿತು.

"ಏನಂತ ಮುಟ್ಟಿತ್ತು?"

"ಹೆಣ್ಣು ಕೂಸು ಹುಟ್ಯದ, ತಾಯಿ ಆರಾಮದಾಳ ಅಂತ."

ಅವಳು ಗೋಡೆಯ ಕಡೆ ಹೊರಳಿದಳು.

"ತಾಯಿ ಆರಾಮದಾಳ ಅಂತನೂ ಅಂದ್ರಾ," ಅಂದಳು.