ಮೂಗಣ್ಣನ ರಸಮೇವು

ಹಸಿ ಮೆಕ್ಕೆಜೋಳವನ್ನು ದಂಟು ಸಮೇತ ಯಂತ್ರದಲ್ಲಿ ಸಣ್ಣಗೆ ಕತ್ತರಿಸಿ, ಗುಂಡಿಗೆ ತುಂಬಿ, ಮೇಲೆ ಟ್ರ್ಯಾಕ್ಟರ್ ಓಡಿಸಿ ತುಳಿಸಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟರೆ ಒಳಗೊಳಗೇ ಹುಳಿಯಾಗಿ ರಸಮೇವಾಗುತ್ತದೆ. ಹಸಿರು ಸಿಗದ ತಿಂಗಳುಗಳಲ್ಲಿ ಹಸುಗಳ ಹೊಟ್ಟೆ ತುಂಬಿಸುವುದು ಅದೇ. ದನ ಸಾಕುವವರ ಮನೆಗಳಿಗೆ ಹೋಗಿ ಇಂಥ ಗುಂಡಿ ತುಂಬಿಸಿಕೊಡುವುದು ಮೂಗಣ್ಣನ ಕಸುಬು. ಒಂದು ಹಿಡಿ ಮೇವು ಮೂಸಿ, ಹದವಾಗಿದೆಯೋ ಕೆಟ್ಟಿದೆಯೋ ಹೇಳಿಬಿಡುತ್ತಿದ್ದನಾದ್ದರಿಂದ ಎಲ್ಲರ ಬಾಯಲ್ಲೂ ಅವನಿಗೆ ಆ ಹೆಸರು.

ಅಂಥವನಿಗೊಮ್ಮೆ ಜ್ವರ ಬಂತು. ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಸೋಪು ಮೂಸಿದ, ಡೀಸೆಲ್ ಮೂಸಿದ. ಎರಡೂ ಬರಿಯ ನೀರಿನಂತೆ. "ಬರಬಹುದು, ಬರದೆಯೂ ಇರಬಹುದು" ಎಂದರು ಡಾಕ್ಟರು. ಮೂಗಣ್ಣ ಹೆಂಡತಿಗೂ ಹೇಳದೆ ಬಾಯಿಗೆ ಬೀಗ ಹಾಕಿಕೊಂಡ.

ಅಷ್ಟರಲ್ಲೇ ಷಡ್ಡಕನ ಗುಂಡಿ ತೆರೆಯುವ ದಿನ ಬಂತು. ಮೂಗಣ್ಣ ಮೂಲೆಯಿಂದ ಒಂದು ಹಿಡಿ ತೆಗೆದು ಮೂಗಿಗೆ ಹಿಡಿದ, ಎಂದಿನಂತೆ ಕಣ್ಣು ಮುಚ್ಚಿದ, "ಚೆನ್ನಾಗಿದೆ, ಹಾಕು" ಎಂದ.

ಮರುದಿನ ನಾದಿನಿ ಫೋನು ಮಾಡಿದಳು. "ಭಾವ, ಹಸುಗಳು ಮೂತಿ ತಿರುಗಿಸ್ಕೊಂಡು ನಿಂತಿವೆ. ಒಂದೂ ಬಾಯಿ ಇಡ್ತಿಲ್ಲ."

ಫೋನು ಇಟ್ಟು ಅವನು ಜಗಲಿಯ ಮೇಲೆ ಕುಳಿತ. ಹೆಂಡತಿ ಪಕ್ಕಕ್ಕೆ ಬಂದು ಕುಳಿತಳು.

"ಮೊನ್ನೆ ಒಲೆ ಮೇಲೆ ಹಾಲು ಸೀದುಹೋಯ್ತಲ್ಲ, ನೀವು ಅಲ್ಲೇ ಕೂತಿದ್ರಿ. ತಿರುಗಿ ಕೂಡ ನೋಡ್ಲಿಲ್ಲ. ಅವತ್ತೇ ನಂಗೆ ಗೊತ್ತಾಯ್ತು."

"ಮತ್ತೆ ಕೇಳಲಿಲ್ವಲ್ಲ?"

"ನೀವೇ ಹೇಳ್ತೀರೇನೋ ಅಂತ ಕಾದೆ."

ಇಬ್ಬರೂ ಸ್ಕೂಟರ್ ಏರಿ ಷಡ್ಡಕನ ಮನೆಗೆ ಹೋದರು. ಅವಳು ಸೆರಗು ಸಿಕ್ಕಿಸಿಕೊಂಡು ಗುಂಡಿಗಿಳಿದು, ಅಲ್ಲಲ್ಲಿ ಕೆದಕಿ ಮೂಸುತ್ತಾ ಹೋದಳು. "ನಡುವೆ ಮಾಗಿದ ಹಣ್ಣಿನ ಥರ ಹುಳಿ ಹುಳಿ, ಘಮ್ಮಂತಿದೆ." ಮೂಲೆಗೆ ಬಂದವಳೇ ಮುಖ ಕಿವುಚಿದಳು. "ಇಲ್ಲಿ ಒದ್ದೆ ಬಟ್ಟೆ ಮುಚ್ಚಿಟ್ಟ ಹಾಗೆ ಮುಗ್ಗಲು."

ಮೂಗಣ್ಣ ಅಲ್ಲಿ ಮೊಣಕೈವರೆಗೆ ಕೈ ತೂರಿಸಿದ. ಮೇವು ಬಿಸಿಯಾಗಿತ್ತು, ಕೆಟ್ಟಿರುವ ಗುರುತು. ಮೇಲಿನ ಹಾಳೆ ತಡವಿ ನೋಡಿದರೆ ಇಲಿ ಕಡಿದ ತೂತು. ಗಾಳಿ ನುಗ್ಗಿ ಬೂಷ್ಟು ಹಿಡಿದಿತ್ತು. ಆ ಮೂಲೆಯನ್ನಷ್ಟೂ ಬಗೆದು ಹೊರಹಾಕಿ, ತೂತಿಗೆ ಟೇಪು ಅಂಟಿಸಿ, ನಡುವಿನ ಮೇವು ತಂದು ಹಾಕಿದರು. ಹಸುಗಳು ತಲೆ ಎತ್ತದೆ ತಿಂದವು.

"ನನ್ನ ಮೂಗು ಹೋಗಿದೆ ಕಣಯ್ಯ," ಎಂದ ಮೂಗಣ್ಣ. "ನಿನ್ನೆ ಮಾಡಿದ್ದು ಬರೀ ನಾಟಕ."

ಷಡ್ಡಕ ಪಕ್ಕದ ಹಸುವಿನ ಬೆನ್ನು ತಟ್ಟಿದ. "ಸದ್ಯ, ನನ್ನ ಹಸುಗಳ ಮೂಗು ನೆಟ್ಟಗಿದೆ. ನಡಿ, ಕಾಫಿ ಕುಡಿಯೋಣ."

ವಾಸನೆ ಮರಳಿ ಬರಲಿಲ್ಲ. ಈಗ ಗುಂಡಿ ತೆರೆಯುವ ಕಡೆಗೆಲ್ಲ ಹೆಂಡತಿಯೂ ಹೋಗುತ್ತಾಳೆ. ಅವನು ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿ ಬಿಸಿ ನೋಡುತ್ತಾನೆ, ಅವಳು ಮೂಸುತ್ತಾಳೆ. ಇಬ್ಬರೂ ಹೂಂ ಎಂದರಷ್ಟೇ ಮೇವು ಕೊಟ್ಟಿಗೆಗೆ. ಮರಳುವಾಗ ಸ್ಕೂಟರಿನ ಮೇಲೆ ಅವನು, "ಇವತ್ತಿನ ವಾಸನೆ ಹೇಗಿತ್ತು, ಬಿಡಿಸಿ ಹೇಳು" ಎನ್ನುತ್ತಾನೆ. ಅವಳು ಅವನ ಕಿವಿಯ ಹತ್ತಿರ ಬಾಗಿ, ಮನೆ ಮುಟ್ಟುವವರೆಗೂ ಹೇಳುತ್ತಾಳೆ.