ಅಳತೆ ಸಾಹೇಬರು
ಜ್ವರದ ವಾರ್ಡಿನಲ್ಲಿ ಒಂದೇ ಬೆಳಿಗ್ಗೆ ನಾಲ್ಕು ಹಾಸಿಗೆ ಖಾಲಿಯಾದ ದಿನ, "ನಮ್ಮನ್ನೆಲ್ಲ ಅಳೆಯೋಕೆ ಯಾರೋ ಸಾಹೇಬರು ಬರ್ತಾರಂತೆ" ಎಂದರು ದೊಡ್ಡ ಸಿಸ್ಟರು. ನೆಲ ಒರೆಸುತ್ತಿದ್ದ ನಾನು, "ಹೆಣದ ಪೆಟ್ಟಿಗೆ ಮಾಡಿಸೋಕಾ ತಾಯಿ?" ಎಂದೆ; ಯಾರೂ ನಗಲಿಲ್ಲ. ಸಾಹೇಬರು ದರ್ಜಿಯ ಹಾಗೆ ಕೊರಳಿಗೆ ಟೇಪು ಹಾಕಿಕೊಂಡೇ ಬಂದರು. ಸಿಸ್ಟರ ಕೈ ಎಲ್ಲಿಯವರೆಗೆ ಎಟಕುತ್ತದೆ, ಉಸಿರಿನ ಯಂತ್ರ ಕೂಗಿದರೆ ಎಷ್ಟು ಹೆಜ್ಜೆ ಓಡಬೇಕು, ನನ್ನ ಬಕೆಟ್ಟು ಯಾರ ಕಾಲಿಗೆ ಸಿಗುತ್ತದೆ, ನಮ್ಮ ಕೆಲಸ ಸಲೀಸಾಗಲೆಂದು ಎಲ್ಲವನ್ನೂ ಅಳೆದರು. ಬಿಟ್ಟಿದ್ದರೆ ನಮ್ಮ ನಿಟ್ಟುಸಿರನ್ನೂ ಅಳೆಯುತ್ತಿದ್ದರು. ಗಾಬರಿಯಲ್ಲಿ ಯಾರಾದರೂ ತಪ್ಪು ಗುಂಡಿ ಒತ್ತಿದರೆ, "ತಪ್ಪು ನಿಮ್ಮದಲ್ಲಮ್ಮ, ಗುಂಡಿ ಅಲ್ಲಿಟ್ಟವರದ್ದು" ಎಂದು ಅದಕ್ಕೊಂದು ಕೆಂಪು ಪಟ್ಟಿ ಅಂಟಿಸುತ್ತಿದ್ದರು. ಓಡುವವರ ಕಾಲಿಗೆ ತೊಡರದಿರಲೆಂದು ರೋಗಿಗಳ ಕರೆಗಂಟೆಯ ವೈರುಗಳನ್ನು ಸುತ್ತಿ ಗೋಡೆಯ ಕೊಕ್ಕೆಗೆ ಸಿಕ್ಕಿಸಿದವರೂ ಅವರೇ. ಜೀವ ಅಂಗೈಯಲ್ಲಿ ಹಿಡಿದಿದ್ದ ನಮಗೆ ಆ ಟೇಪು ಕಂಡರೇ ಒಂದಿಷ್ಟು ಧೈರ್ಯ. ಹದಿನೆಂಟನೇ ದಿನ ಅವರನ್ನೇ ತಂದು ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗಿಸಿದರು. ಮಂಚದಡಿ ಒರೆಸಿ ತಲೆಯೆತ್ತಿದರೆ, ಕೊಕ್ಕೆಯಲ್ಲಿದ್ದ ಗಂಟೆಯ ಕಡೆ ಚಾಚಿದ್ದ ಅವರ ಕೈ ಒಂದು ಗೇಣು ಈಚೆಗೇ ನಿಂತುಬಿಟ್ಟಿತ್ತು. "ಅಜ್ಜಿ," ಎಂದರು ಮಾಸ್ಕಿನೊಳಗಿಂದ, "ಎಲ್ಲಾನೂ ನಿಂತ್ಕೊಂಡೇ ಅಳೆದುಬಿಟ್ಟೆ. ಆ ಗಂಟೆ ಬಿಚ್ಚಿ ದಿಂಬಿನ ಹತ್ರ ಇಡಿ... ನಂದೊಂದೇ ಅಲ್ಲ, ಎಲ್ಲರದ್ದೂ."