ಮಹಡಿ ಮನೆಯ ಟೀಚರ್ ಬಾಗಿಲಿಗೆ ಅಡ್ಡ ನಿಂತ ಶನಿವಾರ

ಮೊನ್ನೆ ವಿಂಬಿ ಹಿಟ್ಟು ಹುರಿಯಲಿಟ್ಟು ಫೋನಿನಲ್ಲಿ ಮೈಮರೆತೆ. ವಿಂಬಿ ಎಂದರೆ ನಮ್ಮ ರಾಗಿಯೇ. ನೈರೋಬಿಯ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಸಿಗುತ್ತದೆ. ಓಡಿಹೋಗುವಷ್ಟರಲ್ಲಿ ಹಿಟ್ಟು ಸೀದು ಕರಿಯಾಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಲೆ ಆರಿಸುವುದನ್ನೂ ಮರೆತು ನಿಂತುಬಿಟ್ಟೆ. ಮಹಡಿ ಮನೆಯ ಟೀಚರ್ ಆಂಟಿ...

ಎಂಬತ್ತರ ದಶಕದ ಕೊನೆಯ ವರ್ಷಗಳು. ನೈರೋಬಿಯ ಹರ್ಲಿಂಗ್‌ಹ್ಯಾಮಿನಲ್ಲಿ ನಮ್ಮದು ಕೆಳಗಿನ ಫ್ಲ್ಯಾಟು, ಅವರದು ಮೇಲಿನದು. ಮೈಸೂರಿನವರು, ಒಂಟಿ. ನಮ್ಮ ಶಾಲೆಯಲ್ಲಿ ಚರಿತ್ರೆ ಹೇಳುತ್ತಿದ್ದರು. ಮನೆಯಲ್ಲಿ ಆಂಟಿ, ತರಗತಿಯಲ್ಲಿ ಮ್ಯಾಡಮ್.

ಆ ವಾರದ ಪಾಠ ಅಮೆರಿಕದ ಇಂಗ್ಲಿಷ್ ವಸಾಹತುಗಳದು. ಪುಸ್ತಕದಲ್ಲಿ ಅಲ್ಲಿನ ಮೂಲನಿವಾಸಿ ನ್ಯಾರಗಾನ್ಸೆಟ್ ಜನರಿಗೆ ಸಿಕ್ಕಿದ್ದು ಒಂದೇ ಸಾಲು. ಆಂಟಿ ಪುಸ್ತಕ ಮುಚ್ಚಿ ಉಳಿದದ್ದನ್ನು ಹೇಳಿದರು. ಇಂಗ್ಲಿಷರೊಡನೆ ಯುದ್ಧ ಮಾಡುತ್ತಿದ್ದ ನೆರೆಯ ಬುಡಕಟ್ಟಿನ ಹೆಂಗಸರು, ಮಕ್ಕಳು, ಗಾಯಾಳುಗಳು ಓಡಿಬಂದು ನ್ಯಾರಗಾನ್ಸೆಟ್ಟರಲ್ಲಿ ಆಶ್ರಯ ಪಡೆದಿದ್ದರು. ಅವರನ್ನು ಒಪ್ಪಿಸಿ ಎಂದು ಇಂಗ್ಲಿಷರು ಪಟ್ಟು ಹಿಡಿದರು. ಇವರು ಒಪ್ಪಿಸಲಿಲ್ಲ. ಜವುಗಿನ ನಡುವಿನ ದಿಬ್ಬದ ಮೇಲೆ ಮರದ ಕೋಟೆ ಕಟ್ಟಿಕೊಂಡರು. ಆ ಚಳಿಗಾಲ ಜವುಗೆಲ್ಲ ಹೆಪ್ಪುಗಟ್ಟಿ ಕಲ್ಲಾಯಿತು. ಸೈನ್ಯ ಅದರ ಮೇಲೆಯೇ ನಡೆದು ಬಂದು ಗುಡಿಸಲುಗಳಿಗೆ ಬೆಂಕಿ ಇಟ್ಟಿತು. ಒಳಗೆ ಮುದುಕರಿದ್ದರು, ಮಕ್ಕಳಿದ್ದರು...

ನನ್ನ ಪಕ್ಕ ಕೂರುತ್ತಿದ್ದ ಕಿಕುಯು ಜನಾಂಗದ ಗೆಳತಿ ಕೈಯೆತ್ತಿದಳು. ಒಪ್ಪಿಸಿದ್ದರೆ ಇವರಾದರೂ ಬದುಕುತ್ತಿದ್ದರಲ್ಲವಾ ಎಂದು ಕೇಳಿದಳು. ಆಂಟಿ ಅವಳ ಬೆಂಚಿನ ಬಳಿ ಬಂದರು. "ಇರಬಹುದು. ನನಗೂ ಗೊತ್ತಿಲ್ಲ," ಎಂದರು.

ಅವಳು ಯಾಕೆ ಕೇಳಿದಳೆಂದು ನಮಗೆ ಗೊತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅವಳ ಅಪ್ಪ ತಲೆಮರೆಸಿಕೊಂಡಿದ್ದರು. ಸರ್ಕಾರದ ವಿರುದ್ಧ ಕರಪತ್ರ ಹಂಚಿದರೆಂಬ ಆರೋಪ. ಜನ ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲೂ ದನಿ ತಗ್ಗಿಸಿ ಮಾತಾಡುತ್ತಿದ್ದ ಕಾಲ ಅದು.

ಶನಿವಾರ ಬೆಳಿಗ್ಗೆ ಪೊಲೀಸರು ಅವಳ ಅಮ್ಮನನ್ನು ವಿಚಾರಣೆಗೆ ಕರೆದರು. ಹೋಗುವ ಮುಂಚೆ ಆಕೆ ಮಗಳನ್ನು ಆಂಟಿಯ ಮನೆಯಲ್ಲಿ ಬಿಟ್ಟಳು. ಜೊತೆಗಿರಲು ನಾನು ಹೊರಟಾಗ ನನ್ನ ಅಪ್ಪ ಅಡ್ಡಿ ಮಾಡಿದರು. "ನಮಗ್ಯಾಕಮ್ಮ ಊರ ಉಸಾಬರಿ? ನಾವು ಪರದೇಶದಲ್ಲಿರೋರು." ನಾನು ಇಂಗ್ಲಿಷಿನಲ್ಲಿ ಏನೋ ಗೊಣಗಿ ಮೆಟ್ಟಿಲು ಹತ್ತಿದೆ.

ಮಧ್ಯಾಹ್ನವಾದರೂ ಅವಳ ಅಮ್ಮ ಬರಲಿಲ್ಲ. ನಮಗೆ ಅಂಬಲಿ ಮಾಡಲೆಂದು ಆಂಟಿ ಹಿಟ್ಟು ಹುರಿಯುತ್ತಿದ್ದರು. ಕೆಳಗೆ ಕಾರು ನಿಂತಿತು. ಮೆಟ್ಟಿಲ ಮೇಲೆ ಬೂಟಿನ ಸದ್ದು.

"ಪುಟ್ಟಿ, ಇಬ್ರೂ ರೂಮಿಗೆ ಹೋಗಿ. ಅವಳ ಕೈ ಬಿಡ್ಬೇಡ," ಎಂದು ಆಂಟಿ ಪಿಸುಗುಟ್ಟಿದರು.

ಗೆಳತಿಯನ್ನು ಎಳೆದುಕೊಂಡು ರೂಮಿಗೆ ಓಡಿದೆ. ಬಾಗಿಲ ಸಂದಿಯಿಂದ ಮಫ್ತಿಯಲ್ಲಿದ್ದ ಇಬ್ಬರು ಕಂಡರು. ಹುಡುಗಿಯನ್ನು ಕಳಿಸಿ, ಅವಳ ಅಪ್ಪನ ವಿಷಯ ಕೇಳಬೇಕು ಎಂದರು.

"ಅವಳ ತಾಯಿ ನನ್ನ ಕೈಗೆ ಕೊಟ್ಟು ಹೋಗಿದ್ದಾಳೆ. ತಾಯಿಯನ್ನು ಕರೆತನ್ನಿ, ಅವಳ ಕೈಗೇ ಕೊಡ್ತೀನಿ."

"ಮ್ಯಾಡಮ್, ನೀವು ಈ ದೇಶದವರಲ್ಲ. ನೆನಪಿದೆಯಾ?"

"ನೆನಪಿದೆ."

ಅಡುಗೆಮನೆಯಲ್ಲಿ ಹಿಟ್ಟು ಸೀಯುತ್ತಿತ್ತು. ಹೊಗೆ ಹಜಾರಕ್ಕೂ ಬಂತು. ಆಂಟಿ ಬಾಗಿಲು ಬಿಟ್ಟು ಅಲುಗಲಿಲ್ಲ. ಆಗ ಮೆಟ್ಟಿಲಲ್ಲಿ ನನ್ನ ಅಪ್ಪ ಕಾಣಿಸಿದರು. ಆ ಇಬ್ಬರನ್ನು ದಾಟಿ ಬಂದು ಆಂಟಿಯ ಪಕ್ಕ ನಿಂತುಕೊಂಡರು. ಬಂದವರು ಇಬ್ಬರನ್ನೂ ದಿಟ್ಟಿಸಿದರು. "ಸವಾ," ಎಂದ ಅವರಲ್ಲೊಬ್ಬ, ಆಗಲಿ ಎಂಬಂತೆ. "ಸೋಮವಾರ ಬರ್ತೀವಿ."

ಸೋಮವಾರದವರೆಗೆ ಯಾರು ಕಾಯುತ್ತಾರೆ? ಮರುದಿನವೇ ಕಸರಾನಿಯಿಂದ ಅವಳ ಚಿಕ್ಕಮ್ಮ ಬಂದು ಕರೆದೊಯ್ದಳು. ಕೆಲವು ವಾರಗಳ ಮೇಲೆ ಅವಳ ಅಮ್ಮನ ಬಿಡುಗಡೆಯಾಯಿತು. ತಾಯಿ ಮಗಳು ಗಡಿ ದಾಟಿ ಅಪ್ಪನನ್ನು ಸೇರಿಕೊಂಡರು. ಆಂಟಿಯ ಕೆಲಸದ ಪರವಾನಗಿ ಮಾತ್ರ ಮುಂದುವರಿಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ವಿಮಾನ ನಿಲ್ದಾಣಕ್ಕೆ ನಮ್ಮ ಮನೆಯವರನ್ನು ಬಿಟ್ಟರೆ ಕನ್ನಡದವರು ಇನ್ಯಾರೂ ಬರಲಿಲ್ಲ. ನನ್ನ ಅಪ್ಪನೇ ಅವರ ಪೆಟ್ಟಿಗೆ ಎತ್ತಿಕೊಟ್ಟರು.

ಎಷ್ಟೋ ವರ್ಷಗಳ ಮೇಲೆ ಮೈಸೂರಿನಲ್ಲಿ ಅವರನ್ನು ನೋಡಲು ಹೋಗಿದ್ದೆ. ಕೂದಲು ಪೂರಾ ಬೆಳ್ಳಗಾಗಿತ್ತು. ಅವತ್ತು ನಿಮಗೆ ಹೆದರಿಕೆಯೇ ಆಗಲಿಲ್ಲವಾ ಆಂಟಿ ಎಂದು ಕೇಳಿದೆ.

"ಕಾಲು ಗಡಗಡ ನಡುಗ್ತಿತ್ತು ಕಣೇ," ಎಂದು ನಕ್ಕರು. "ಸೀರೆ ಉಟ್ಟಿದ್ನಲ್ಲ, ಅವರಿಗೆ ಕಾಣಿಸ್ಲಿಲ್ಲ."

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ನೈರೋಬಿಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗೆಳತಿಗೆ ನಾನೇ ಫೋನ್ ಮಾಡಿ ಹೇಳಬೇಕಾಯಿತು. ಡಿಸೆಂಬರಿನಲ್ಲಿ ನನ್ನ ಜೊತೆ ಮೈಸೂರಿಗೆ ಹೋಗಿ ಮ್ಯಾಡಮ್‌ನ ನೋಡಬೇಕೆಂದು ಅವಳು ಟಿಕೆಟ್ಟನ್ನೂ ಮಾಡಿಸಿದ್ದಳು. ಟಿಕೆಟ್ ರದ್ದು ಮಾಡುತ್ತೀಯಾ ಎಂದು ಕೇಳಿದೆ.

"ಬೇಡ, ನಾವು ಹೋಗೋಣ," ಎಂದಳು. "ಅವರ ಮನೆ ಬಾಗಿಲಾದರೂ ನೋಡಿ ಬರೋಣ."